ಹಡಪ್ಸರ್‌ನಿಂದ ಆಫ್ರಿಕಕ್ಕೆ ಹೋದ ಅಗ್ಗದ ಲಸಿಕೆ

ಪುಣೆ: ಹಡಪ್ಸರ್ ಎಂದರೆ ಇಲ್ಲಿನ ಕನ್ನಡಿಗರಿಗೆ ಸೋಲಾಪುರ ರಸ್ತೆ, ಊರಿಗೆ ಹೊರಟ ಬಸ್ಸು ನೆನಪಾಗುತ್ತದೆ. ಇದೇ ಹಡಪ್ಸರ್‌ನಿಂದ ಹೊರಟ ಪುಟ್ಟ ಸೀಸೆಯೊಂದು ಆಫ್ರಿಕದ ಲಕ್ಷಾಂತರ ಮಕ್ಕಳ ಜೀವ ಕಾಯ್ದ ಕಥೆ ಹಲವರಿಗೆ ತಿಳಿದಿಲ್ಲ.

ಸೆನೆಗಲ್‌ನಿಂದ ಇಥಿಯೋಪಿಯದವರೆಗಿನ ಪ್ರದೇಶಕ್ಕೆ 'ಮೆನಿಂಜೈಟಿಸ್ ಪಟ್ಟಿ' ಎಂದೇ ಹೆಸರು. ಬೇಸಗೆಯ ಧೂಳುಗಾಳಿ ಎದ್ದರೆ ಸಾಕು, ಮೆದುಳಿನ ಪೊರೆಗೆ ತಗಲುವ ಈ ರೋಗ ಊರೂರಿಗೆ ಹಬ್ಬುತ್ತಿತ್ತು. 1996-97ರಲ್ಲಿ ಸುಮಾರು ಎರಡೂವರೆ ಲಕ್ಷ ಮಂದಿ ರೋಗಕ್ಕೆ ತುತ್ತಾಗಿ, 25 ಸಾವಿರ ಮಂದಿ ಅಸುನೀಗಿದರು. ಬದುಕುಳಿದವರಲ್ಲಿಯೂ ಹಲವರು ಕಿವಿ ಕಳೆದುಕೊಂಡರು.

ಆಗ ಇದ್ದ ಹಳೆಯ ಲಸಿಕೆಯ ರಕ್ಷಣೆ ಕೆಲವೇ ವರ್ಷಗಳದ್ದು. ಎಳೆಯ ಮಕ್ಕಳಿಗೆ ಅದರ ಪ್ರಯೋಜನ ಅಷ್ಟಕ್ಕಷ್ಟೆ. ಉತ್ತಮ ಲಸಿಕೆಯ ವಿದ್ಯೆ ಗೊತ್ತಿದ್ದರೂ ಬಡ ದೇಶಗಳಿಗಾಗಿ ಅದನ್ನು ಅಗ್ಗವಾಗಿ ಮಾಡಿಕೊಡಲು ದೊಡ್ಡ ಕಂಪೆನಿಗಳು ಮುಂದೆ ಬರಲಿಲ್ಲ. 2001ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹಾಗೂ 'ಪಾಥ್' ಸಂಸ್ಥೆ ಗೇಟ್ಸ್ ಪ್ರತಿಷ್ಠಾನದ ನೆರವಿನಿಂದ ಹೊಸ ಯೋಜನೆ ಕೈಗೊಂಡವು. ಆಫ್ರಿಕದ ಅಧಿಕಾರಿಗಳು ಇಟ್ಟ ಬೇಡಿಕೆ ಒಂದೇ: ಒಂದು ಡೋಸಿನ ಬೆಲೆ ಅರ್ಧ ಡಾಲರ್ ಮೀರಬಾರದು. ಹೀಗೆ ಮೊದಲು ಬೆಲೆ ನಿಗದಿಯಾಯಿತು, ಲಸಿಕೆ ಆಮೇಲೆ ತಯಾರಾಯಿತು.

ಆ ಬೆಲೆಗೆ ಒಪ್ಪಿದ್ದು ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್. ರೋಗಾಣುವಿನ ಸಕ್ಕರೆಯ ಕವಚವನ್ನು ಪ್ರೋಟೀನಿಗೆ ಬೆಸೆಯುವ ವಿಧಾನವನ್ನು ಅಮೆರಿಕದ ಸರಕಾರಿ ಔಷಧ ನಿಯಂತ್ರಣ ಸಂಸ್ಥೆಯ ವಿಜ್ಞಾನಿಗಳು ಕಲಿಸಿಕೊಟ್ಟರು. ಭಾರತದಲ್ಲಿಯೂ ಆಫ್ರಿಕದಲ್ಲಿಯೂ ಪರೀಕ್ಷೆಗಳು ನಡೆದವು. 2010ರ ಡಿಸೆಂಬರ್‌ನಲ್ಲಿ ಬುರ್ಕಿನಾ ಫಾಸೊದಲ್ಲಿ 'ಮೆನ್‌ಆಫ್ರಿವ್ಯಾಕ್' ಅಭಿಯಾನಕ್ಕೆ ಚಾಲನೆ ದೊರೆಯಿತು. 40 ಡಿಗ್ರಿ ಬಿಸಿಲಲ್ಲೂ ನಾಲ್ಕು ದಿನ ಕೆಡದೆ ಉಳಿಯುತ್ತದೆಂದು 2012ರಲ್ಲಿ ಮಾನ್ಯತೆ ದೊರೆತ ಮೇಲೆ, ಮಂಜುಗಡ್ಡೆ ಸಿಗದ ಹಳ್ಳಿಗಳಿಗೂ ಲಸಿಕೆ ಒಯ್ಯುವುದು ಸುಲಭವಾಯಿತು.

ಫಲಿತಾಂಶ ಕಣ್ಣೆದುರಿಗಿದೆ. 30 ಕೋಟಿಗೂ ಅಧಿಕ ಜನ ಈ ಲಸಿಕೆ ಪಡೆದರು. 2017ರ ಬಳಿಕ ಆ ಪಟ್ಟಿಯಲ್ಲಿ 'ಎ' ಗುಂಪಿನ ಒಂದು ಪ್ರಕರಣವೂ ದೃಢಪಟ್ಟಿಲ್ಲ.

ಹಾಗೆಂದು ಹೋರಾಟ ಮುಗಿದಿಲ್ಲ. ಬೇರೆ ಗುಂಪಿನ ರೋಗಾಣುಗಳು ಜೀವ ತೆಗೆಯುತ್ತಲೇ ಇವೆ. ಅದಕ್ಕಾಗಿ ಐದು ಗುಂಪುಗಳನ್ನು ತಡೆಯುವ ಹೊಸ ಲಸಿಕೆಯೂ ಪುಣೆಯಲ್ಲಿಯೇ ತಯಾರಾಗಿದ್ದು, 2024ರಲ್ಲಿ ನೈಜೀರಿಯ ಅದನ್ನು ಮೊದಲಾಗಿ ಬಳಸಿತು.

ಬಡವರ ಕಾಯಿಲೆಗೆ ಮದ್ದು ಮಾಡುವವರಾರು ಎಂಬ ಪ್ರಶ್ನೆಗೆ ಪುಣೆ ಕೊಟ್ಟ ಉತ್ತರವಿದು. ಊರಿಗೆ ಹೊರಟ ಬಸ್ಸು ಹಡಪ್ಸರ್ ದಾಟುವಾಗ ಮಕ್ಕಳಿಗೆ ಹೇಳಬಹುದಾದ ಕಥೆಯೂ ಹೌದು.