ಪಂಪಿಗೂ ಬೇಕು ಬೆಚ್ಚನೆಯ ರಾತ್ರಿ

ಬ್ರಿಟನ್ನಿನಲ್ಲಿ ಕಿಟಕಿ ತೊಳೆಯುವವರು ಏಣಿ ಹತ್ತುವುದು ಈಗ ಕಡಿಮೆ. ಎತ್ತರದಲ್ಲಿ ಮಾಡುವ ಕೆಲಸಗಳಿಗೆ 2005ರಲ್ಲಿ ಅಲ್ಲಿ ಹೊಸ ನಿಯಮಗಳು ಬಂದವು. ಅದರೊಂದಿಗೆ, ನೆಲದ ಮೇಲೆ ನಿಂತೇ ಉದ್ದನೆಯ ಕೋಲಿನ ತುದಿಯ ಬ್ರಷ್‌ನಿಂದ ಮಹಡಿಯ ಗಾಜು ಉಜ್ಜುವ ಪದ್ಧತಿಗೂ ಬಲ ಬಂತು. ಕೋಲಿಗೆ ನೀರು ಬರುವುದು ವ್ಯಾನಿನಿಂದ: ಕೆಲವು ನೂರು ಲೀಟರಿನ ಟ್ಯಾಂಕ್, 12 ವೋಲ್ಟ್ ಪಂಪ್, ಸುರುಳಿ ಸುತ್ತಿದ ಪೈಪ್, ಫಿಲ್ಟರ್‌ಗಳು. ಲವಣಗಳನ್ನೆಲ್ಲ ತೆಗೆದ ನೀರಾದ್ದರಿಂದ ಗಾಜನ್ನು ಒರೆಸಬೇಕಿಲ್ಲ, ಕಲೆಯಿಲ್ಲದೆ ತಾನಾಗಿ ಒಣಗುತ್ತದೆ.

ಚಳಿಗಾಲದಲ್ಲಿ ತೊಡಕಾಗುವುದೂ ಈ ಶುದ್ಧತೆಯೇ. ಕಾರಿನ ರೇಡಿಯೇಟರಿಗೆ ಹಾಕುವಂತೆ ಆಂಟಿಫ್ರೀಜ್ ಬೆರೆಸಿದರೆ ಗಾಜೆಲ್ಲ ಕಲೆ. ಹಾಗಾಗಿ ಹಿಮ ಬೀಳುವ ರಾತ್ರಿ ಈ ನೀರನ್ನು ಬೇರೆ ರೀತಿಯಲ್ಲೇ ಕಾಯಬೇಕು.

ಹೊಸಬರಿಗೆ ಭಯ ಟ್ಯಾಂಕಿನದು. ಆದರೆ 400 ಲೀಟರ್ ನೀರು ಸೊನ್ನೆ ಡಿಗ್ರಿಗೆ ಇಳಿದ ಮೇಲೂ ಪೂರ್ತಿ ಮಂಜುಗಡ್ಡೆಯಾಗಬೇಕಾದರೆ ಸುಮಾರು 37 ಯೂನಿಟ್ ವಿದ್ಯುತ್ತಿಗೆ ಸಮನಾದ ಶಾಖ ಕಳೆದುಕೊಳ್ಳಬೇಕು. ಒಂದೇ ರಾತ್ರಿಯ ಚಳಿಗೆ ಅದು ಸುಲಭವಲ್ಲ. ಅಪಾಯವಿರುವುದು ಪಂಪಿನ ತಲೆಯೊಳಗೆ, ಪೈಪಿನ ಜೋಡಣೆಗಳಲ್ಲಿ, ಅಲ್ಲಿ ಉಳಿದ ಗುಟುಕು ನೀರಿನಲ್ಲಿ. ನೀರು ಹೆಪ್ಪುಗಟ್ಟುವಾಗ ಶೇ 9ರಷ್ಟು ಹಿಗ್ಗುತ್ತದೆ, ಪ್ಲಾಸ್ಟಿಕ್ ಸೀಳುತ್ತದೆ. ಸೀಳು ಗೊತ್ತಾಗುವುದು ಮಂಜು ಕರಗಿ ನೀರು ಸೋರತೊಡಗಿದ ಮೇಲೆ.

ನಮ್ಮ ಅಡುಗೆಮನೆಯಲ್ಲಿರುವಂಥದ್ದೇ, ಆದರೆ ದೊಡ್ಡದಾದ ಆರ್‌ಒ ಫಿಲ್ಟರನ್ನು ಕೆಲವರು ವ್ಯಾನಿನಲ್ಲೇ ಇಟ್ಟುಕೊಂಡಿರುತ್ತಾರೆ. ಅದರ ತೆಳುಪೊರೆ ಹೆಪ್ಪುಗಟ್ಟಿದರೆ ಹಾಳು. ಒಮ್ಮೆ ಬಳಸಿದ ಪೊರೆಯನ್ನು ಒಣಗಲು ಬಿಡುವುದೂ ತಪ್ಪು. ಬಿಚ್ಚಿ ಮನೆಯೊಳಗೆ ತರಲು ಬರುವಂತಿದ್ದರೆ ತಂದುಬಿಡುವುದೇ ಸರಿ.

ಉಳಿದದ್ದು ಸಂಜೆಯ ಹತ್ತು ನಿಮಿಷದ ಕೆಲಸ. ಟ್ಯಾಂಕಿನ ವಾಲ್ವ್ ಮುಚ್ಚಿ, ಪೈಪಿನ ತುದಿ ತೆರೆದು, ಪಂಪನ್ನು ಸ್ವಲ್ಪ ಹೊತ್ತು ಓಡಿಸಿ ನೀರು ಖಾಲಿ ಮಾಡಬೇಕು. ತುದಿ ಬೆಳಗಿನವರೆಗೆ ತೆರೆದೇ ಇರಲಿ, ಉಳಿದ ಹನಿಗಳಿಗೆ ಹಿಗ್ಗಲು ಜಾಗ ಸಿಗುತ್ತದೆ. ಪಂಪಿನ ಬಳಿ ಥರ್ಮೋಸ್ಟಾಟ್ ಇರುವ ಸಣ್ಣ ವಿದ್ಯುತ್ ಹೀಟರ್ ಇಟ್ಟು 5 ಡಿಗ್ರಿಗೆ ಹೊಂದಿಸಿದರೆ ಸಾಕು; ವ್ಯಾನನ್ನು ಬೆಚ್ಚಗಿನ ಕೋಣೆಯಾಗಿಸುವ ಅಗತ್ಯವಿಲ್ಲ. ಹೀಟರಿನ ಮೇಲೆ ಮಾತ್ರ ಕಂಬಳಿ ಹೊದಿಸಬಾರದು. ಮನೆಯಿಂದ ಎಳೆದ ಎಕ್ಸ್‌ಟೆನ್ಷನ್ ವೈರನ್ನು ಸುರುಳಿಯಲ್ಲೇ ಬಿಟ್ಟರೆ ಕಾದು ಬೆಂಕಿ ಹತ್ತಬಹುದು, ಪೂರ್ತಿ ಬಿಚ್ಚಿಯೇ ಹಾಕಬೇಕು. ಗ್ಯಾಸ್ ಹೀಟರ್ ಬೇಡವೇ ಬೇಡ. ಮುಚ್ಚಿದ ವ್ಯಾನಿನಲ್ಲಿ ತುಂಬಿಕೊಳ್ಳುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ, ಬೆಳಗ್ಗೆ ಬಾಗಿಲು ತೆರೆದು ಒಳಹೊಕ್ಕವರ ಜೀವಕ್ಕೇ ಅಪಾಯ.

ಇಷ್ಟಾದರೂ ಪಂಪ್ ಹೆಪ್ಪುಗಟ್ಟಿತೆಂದುಕೊಳ್ಳಿ. ಅವಸರಕ್ಕೆ ಕುದಿನೀರು ಸುರಿದರೆ ಉಳಿದಿದ್ದ ಪ್ಲಾಸ್ಟಿಕ್ಕೂ ಬಿರಿಯಬಹುದು. ತಾನಾಗಿ ಕರಗುವವರೆಗೆ ಸ್ವಿಚ್ ಮುಟ್ಟಬಾರದು. ಹೊರಗೆ ಇನ್ನೂ ಸೊನ್ನೆಗಿಂತ ಕೆಳಗಿದ್ದರೆ ಆ ದಿನದ ಮೊದಲ ಮನೆಗಳನ್ನು ಮುಂದಕ್ಕೆ ಹಾಕುವುದೇ ಮೇಲು. ಗಾಜಿನಿಂದ ಇಳಿದ ನೀರು ಕಾಲುದಾರಿಯ ಮೇಲೆ ಮಂಜಿನ ಪದರವಾಗುತ್ತದೆ, ಬಾಗಿಲು ತೆರೆದು ಅದರ ಮೇಲೆ ಮೊದಲ ಹೆಜ್ಜೆ ಇಡುವವರು ಆ ಮನೆಯ ವಯಸ್ಸಾದ ಅಜ್ಜಿಯೇ ಇರಬಹುದು.