ಹೆಸರಿನೊಳಗೆ ಅಡಗಿದ ದೇವರು: ಯಡಿಯೂರಪ್ಪನಿಂದ ಯೆಶಾಯನವರೆಗೆ

ಕುಣಿಗಲ್ ತಾಲ್ಲೂಕಿನ ಯಡಿಯೂರಿನಲ್ಲಿ ಐಕ್ಯರಾದ ತೋಂಟದ ಸಿದ್ಧಲಿಂಗ ಯತಿಗಳ ಹೆಸರು ತುಮಕೂರು ಸೀಮೆಯ ಮನೆಮನೆಯಲ್ಲೂ ಕೇಳಿಬರುತ್ತದೆ. ಸಿದ್ಧಲಿಂಗಯ್ಯ, ಸಿದ್ಧಲಿಂಗಮ್ಮ ಎಂದು ಮಕ್ಕಳಿಗೆ ಹೆಸರಿಡುವುದಷ್ಟೇ ಅಲ್ಲ, ಕ್ಷೇತ್ರದ ಹೆಸರನ್ನೇ ಇಟ್ಟದ್ದೂ ಉಂಟು. ಮಂಡ್ಯ ಜಿಲ್ಲೆಯ ಬೂಕನಕೆರೆಯಲ್ಲಿ 1943ರಲ್ಲಿ ಹುಟ್ಟಿದ ಮಾಜಿ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪನವರಿಗೆ ಆ ಹೆಸರು ಬಂದದ್ದು ಇಲ್ಲಿನ ದೈವದಿಂದ. ದೇವರ ಹೆಸರನ್ನು ಮಗುವಿನ ಹೆಸರಿನೊಳಗೆ ಸೇರಿಸಿಡುವ ಈ ಪದ್ಧತಿಯನ್ನು ಬಲ್ಲ ಕನ್ನಡಿಗನಿಗೆ ಬೈಬಲಿನ ಹೀಬ್ರೂ ಹೆಸರುಗಳು ಅಷ್ಟೇನೂ ಅಪರಿಚಿತವಲ್ಲ.

ಹೀಬ್ರೂ ಹೆಸರುಗಳಲ್ಲಿ ಹಲವು ಬರಿಯ ಪದಗಳಲ್ಲ, ಪುಟ್ಟ ವಾಕ್ಯಗಳು. 'ಏಲ್' ಎಂದರೆ ದೇವರು. ದಾನಿಯೇಲ ಎಂದರೆ 'ದೇವರೇ ನನ್ನ ನ್ಯಾಯಾಧಿಪತಿ'. 'ಇಮ್' (ಸಂಗಡ), 'ನು' (ನಮ್ಮ), 'ಏಲ್' ಕೂಡಿದರೆ ಇಮ್ಮಾನುವೇಲ, ಅಂದರೆ 'ದೇವರು ನಮ್ಮ ಸಂಗಡ'. ಇನ್ನು ಕೆಲವು ಹೆಸರುಗಳಲ್ಲಿ ಇಸ್ರಾಯೇಲ್ಯರ ದೇವರ ಅಂಕಿತನಾಮವೇ ಚಿಕ್ಕದಾಗಿ ಬರುತ್ತದೆ. ಮುಂದೆ ಬಂದರೆ 'ಯೆಹೋ' ಅಥವಾ 'ಯೋ', ಕೊನೆಗೆ ಬಂದರೆ 'ಯಾಹು' ಅಥವಾ 'ಯಾ'. ಯೆಶಾಯ, ಯೆಹೋಶುವ ಎರಡಕ್ಕೂ ಹೆಚ್ಚುಕಡಿಮೆ ಒಂದೇ ಅರ್ಥ: ಆ ದೇವರು ರಕ್ಷಿಸುತ್ತಾನೆ. ಎಲೀಯನ ಹೆಸರಿನಲ್ಲಂತೂ ಎರಡೂ ಇವೆ: 'ಯಾಹುವೇ ನನ್ನ ದೇವರು'.

ಆ ಅಂಕಿತನಾಮವನ್ನು ಯೆಹೂದ್ಯರು ಕಾಲಕ್ರಮೇಣ ಬಾಯಿಬಿಟ್ಟು ಉಚ್ಚರಿಸದಾದರು. ಅದರ ನಾಲ್ಕು ವ್ಯಂಜನಗಳಿಗೆ 'ಒಡೆಯ' ಎಂಬರ್ಥದ 'ಅದೋನಾಯ್' ಪದದ ಸ್ವರಗಳನ್ನು ಸೇರಿಸಿ ಓದಿದ್ದರಿಂದ 'ಯೆಹೋವ' ರೂಪ ಹುಟ್ಟಿತು. ಕನ್ನಡದ ಹಳೆಯ ಭಾಷಾಂತರದಲ್ಲಿ ಇರುವುದು ಇದೇ. ಈಚಿನ ಭಾಷಾಂತರವೊಂದು ಇದರ ಬದಲು 'ಸರ್ವೇಶ್ವರ' ಎಂಬ ಪದವನ್ನು ಬಳಸಿದೆ. ಕನ್ನಡ ಕಿವಿಗೆ ಇದು ಹಿತ. ಆದರೆ ಯೆಶಾಯನ ಹೆಸರಿಗೂ ಅವನ ದೇವರ ಹೆಸರಿಗೂ ಇದ್ದ ನಂಟು ಅಲ್ಲಿ ಓದುಗನ ಕಣ್ಣಿಗೆ ಬೀಳುವುದಿಲ್ಲ.

ಘಟನೆಯಿಂದ ಹುಟ್ಟಿದ ಹೆಸರು

ಸಿದ್ಧಲಿಂಗರಿಗೆ 'ತೋಂಟದ' ಎಂಬ ವಿಶೇಷಣ ಬಂದದ್ದು ಯಡಿಯೂರಿಗೆ ಸಮೀಪದ ಕಗ್ಗೆರೆಯ ತೋಟದಲ್ಲಿ ಅವರು ತಪಸ್ಸು ಮಾಡಿದರೆಂಬ ಕಾರಣಕ್ಕೆ. ಬೈಬಲಿನಲ್ಲೂ ಘಟನೆಯೇ ಹೆಸರಾಗುತ್ತದೆ. ಮುಪ್ಪಿನಲ್ಲಿ ಮಗುವಾಗುವುದೆಂದು ಕೇಳಿ ಸಾರಳು ನಕ್ಕಳು. ಹುಟ್ಟಿದ ಮಗ ಇಸಾಕ, ಅಂದರೆ 'ನಗುತ್ತಾನೆ'. ರಾಹೇಲಳು ಹೆರಿಗೆಯಲ್ಲಿ ಪ್ರಾಣ ಬಿಡುವಾಗ ಮಗನನ್ನು 'ಬೆನೋನಿ', ನನ್ನ ದುಃಖದ ಮಗ, ಎಂದು ಕರೆದಳು. ತಂದೆ ಯಾಕೋಬನು ಅದನ್ನು ಒಪ್ಪದೆ 'ಬೆನ್ಯಾಮೀನ', ಬಲಗೈಯ ಮಗ, ಎಂದು ಬದಲಿಸಿದನು. ಹೆಣ್ಣುಮಕ್ಕಳು ಇನ್ನು ಸಾಕೆಂದು 'ಸಾಕಮ್ಮ' ಎಂದೂ, ಹುಟ್ಟಿದ ಮಕ್ಕಳು ಉಳಿಯದಿದ್ದಾಗ ಮುಂದಿನದನ್ನು 'ತಿಪ್ಪಯ್ಯ' ಎಂದೂ ಕರೆದ ನಾಡಿನವರಿಗೆ ರಾಹೇಲಳ ಸಂಕಟವನ್ನು ವಿವರಿಸಿ ಹೇಳಬೇಕಾಗಿಲ್ಲ.

ಗ್ರಂಥ ಕೊಡುವ ವಿವರಣೆಗೂ ಭಾಷಾಶಾಸ್ತ್ರಕ್ಕೂ ಎಲ್ಲೆಡೆ ತಾಳೆಯಾಗುವುದಿಲ್ಲ. ನೀರಿನಿಂದ ಎಳೆದು ತೆಗೆದದ್ದರಿಂದ ಮೋಶೆ ಎಂದು ಫರೋಹನ ಮಗಳು ಹೇಳುತ್ತಾಳೆ. ಆದರೆ ಐಗುಪ್ತದ ರಾಜಕುಮಾರಿ ಹೀಬ್ರೂವಿನಲ್ಲಿ ಹೆಸರಿಟ್ಟಳೇ ಎಂಬ ಪ್ರಶ್ನೆ ಏಳುತ್ತದೆ. ಥುಟ್‌ಮೋಸ್ ಮುಂತಾದ ಐಗುಪ್ತದ ಹೆಸರುಗಳಲ್ಲಿರುವ, 'ಹುಟ್ಟಿದವನು' ಎಂಬರ್ಥದ ಪದವೇ ಇದರ ಮೂಲವೆಂದು ಅನೇಕ ವಿದ್ವಾಂಸರ ಅಭಿಪ್ರಾಯ. ದೇವರನ್ನು ಬೇಡಿ ಪಡೆದವನಾದ್ದರಿಂದ ಸಮುವೇಲ ಎಂದು ತಾಯಿ ಹನ್ನಳು ಹೇಳುತ್ತಾಳೆ; ವಾಸ್ತವವಾಗಿ 'ಬೇಡಿ ಪಡೆದವನು' ಎಂಬ ಅರ್ಥವಿರುವುದು ಸೌಲನ ಹೆಸರಿಗೆ!

ಬಂದ ದಾರಿಗಳು

ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ವಿಲಿಯಂ ರೀವ್ ಅವರ ದುಡಿಮೆಯಿಂದ 1830ರ ದಶಕದ ಆರಂಭದ ಹೊತ್ತಿಗೆ ಇಡೀ ಬೈಬಲ್ ಕನ್ನಡಕ್ಕೆ ಬಂದಿತ್ತು. ಅದೇ ದಶಕದ ಕೊನೆಯಲ್ಲಿ ವೆಸ್ಲಿಯನ್ ಮಿಷನ್ ಗುಬ್ಬಿಯಲ್ಲಿ ನೆಲೆಯೂರಿತು. ತಂದವರು ಇಂಗ್ಲಿಷರಾದರೂ ಇಂದಿನ ಕನ್ನಡ ಬೈಬಲಿನ ಹೆಸರುಗಳು ಇಂಗ್ಲಿಷಿನವಲ್ಲ ಎಂಬುದು ಗಮನಾರ್ಹ. ಈವ್ ಅಲ್ಲ, ಹವ್ವ; ಮೋಸೆಸ್ ಅಲ್ಲ, ಮೋಶೆ. ಇವು ಹೀಬ್ರೂವಿಗೆ ಹತ್ತಿರ. ಯೇಸುವಿನ ಶಿಷ್ಯನಾದ 'ಜೇಮ್ಸ್'ನ ಹೆಸರು ಮೂಲದಲ್ಲಿ ಯಾಕೋಬನೇ ಎಂಬುದು ಇಂಗ್ಲಿಷ್ ಓದುಗನಿಗೆ ತಿಳಿಯುವುದಿಲ್ಲ, ಕನ್ನಡದಲ್ಲಿ ಅದು ನೇರವಾಗಿ ಕಾಣುತ್ತದೆ.

ಆದರೆ ಹೊಸ ಒಡಂಬಡಿಕೆಯ ಮೂಲ ಗ್ರೀಕ್. ಹೀಗಾಗಿ ಹಳೆಯ ಒಡಂಬಡಿಕೆಯ ಮಿರ್ಯಾಮಳು ಹೊಸದರಲ್ಲಿ ಮರಿಯಳಾದಳು. ಯೆಹೋಶುವ ಎಂಬುದು ಆಡುಮಾತಿನಲ್ಲಿ 'ಯೇಶುವ' ಎಂದಾಗಿ, ಶಕಾರವಿಲ್ಲದ ಗ್ರೀಕನ್ನು ಹಾದು ಯೇಸು ಆಯಿತು. ಅದೇ ಹೆಸರು ಪೋರ್ಚುಗೀಸರ ಮೂಲಕ ಬಂದು ಮಂಗಳೂರಿನ ಕೊಂಕಣಿಯಲ್ಲಿ 'ಜೆಜು' ಆಗಿದೆ. ಅರಬ್ಬಿಯ ದಾರಿಯಲ್ಲಿ ಬಂದವು ಬೇರೆ: ವಿಜಯಪುರದಲ್ಲಿ 1580ರಿಂದ 1627ರವರೆಗೆ ಆಳಿದ ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ಹೆಸರು ಅಬ್ರಹಾಮನದೇ.

ಹೀಗೆ ಶಬ್ದ ದಾಟಿ ಬಂದಾಗ ಅರ್ಥ ಹಿಂದುಳಿಯಿತು. ಯೋಹಾನ ಎಂದು ಕೂಗುವ ತಾಯಿಗೆ 'ದೇವರು ಕರುಣಿಸಿದ್ದಾನೆ' ಎಂಬ ವಾಕ್ಯ ಕೇಳಿಸುವುದಿಲ್ಲ; ಸಿದ್ಧಲಿಂಗ ಎಂದು ಕೂಗುವವಳಿಗೆ ದೈವದ ನೆನಪಾಗದೆ ಇರದು. ಅರ್ಥವನ್ನೇ ದಾಟಿಸಿದ ನಿದರ್ಶನ ನೆರೆಯ ತಮಿಳು ಸೀಮೆಯಲ್ಲಿದೆ. 1745ರಲ್ಲಿ ದೀಕ್ಷಾಸ್ನಾನ ಪಡೆದು, 2022ರಲ್ಲಿ ಸಂತಪದವಿಗೇರಿದ ತಿರುವಾಂಕೂರಿನ ದೇವಸಹಾಯಂ ಪಿಳ್ಳೈ ಅವರ ಹೆಸರು ಲಾಜರ ಎಂಬುದರ ಭಾಷಾಂತರ. ಲಾಜರ ಎಂಬುದು ಹೀಬ್ರೂವಿನ 'ಎಲ್‌ಆಜಾರ್'ನ ಸವೆದ ರೂಪ: 'ದೇವರು ಸಹಾಯ ಮಾಡಿದ್ದಾನೆ'.