ಸೆನ್ಸೇಗಳಿಗೂ ಬೇಕು ಸೆನ್ಸೇ

ಕಠ್ಮಂಡುವಿನ ಭಾಷಾ ಕೇಂದ್ರವಿರಲಿ, ಶ್ರೀಲಂಕಾದ ಶಾಲೆಯಿರಲಿ, ಬೆಂಗಳೂರಿನ ಮಹಡಿ ಮನೆಯ ಟ್ಯೂಷನ್ ಇರಲಿ, ಅಲ್ಲಿ ಜಪಾನಿ ಕಲಿಸುವವರು ಹೆಚ್ಚಾಗಿ ಜಪಾನಿನವರಲ್ಲ. ಅದೇ ಊರಿನವರು. ಕಾಲೇಜು ಮುಗಿಸಿದ ಮೇಲೆ ಹಿರಗಾನ ಅಕ್ಷರ ತಿದ್ದಿ, ಒಂದೆರಡು ಹಂತದ ಪರೀಕ್ಷೆ ಪಾಸು ಮಾಡಿ, ಉಸಿರಾಡಲು ಪುರಸೊತ್ತಿಲ್ಲದಂತೆ ಬೋರ್ಡಿನ ಮುಂದೆ ನಿಂತವರು. ವಿದ್ಯಾರ್ಥಿಗಳು ಗೌರವದಿಂದ ‘ಸೆನ್ಸೇ’ ಎನ್ನುತ್ತಾರೆ. ವಾಕ್ಯದಲ್ಲಿ ‘ವಾ’ ಪ್ರತ್ಯಯ ಎಲ್ಲಿ ಬರಬೇಕು, ‘ಗಾ’ ಎಲ್ಲಿ ಬರಬೇಕು ಎಂದು ಅವರೇ ಕೇಳಿದಾಗ ಸೆನ್ಸೇಗೆ ಬೆವರು. ಕೇಳೋಣವೆಂದರೆ ಎಷ್ಟೋ ಕಡೆ ಇನ್ನೊಬ್ಬ ಜಪಾನಿ ಮೇಷ್ಟ್ರಿಲ್ಲ.

ಇಂಥವರ ಬೆನ್ನಿಗೆ ನಿಲ್ಲುವ ಕೆಲಸವನ್ನು ಬಹುಕಾಲದಿಂದ ಮಾಡುತ್ತ ಬಂದಿರುವುದು ಜಪಾನ್ ಫೌಂಡೇಶನ್. ಜಪಾನಿನ ಭಾಷೆ, ಸಂಸ್ಕೃತಿಗಳನ್ನು ಹೊರದೇಶಗಳಿಗೆ ಪರಿಚಯಿಸಲು ಅಲ್ಲಿನ ಸರ್ಕಾರ 1972ರಲ್ಲಿ ಹುಟ್ಟುಹಾಕಿದ ಸಂಸ್ಥೆಯಿದು. ಪ್ರದರ್ಶನ, ಸಿನಿಮಾ, ಸಂಗೀತ ಇದರ ಕಣ್ಣಿಗೆ ಬೀಳುವ ಮುಖ. ಕಡಿಮೆ ಸದ್ದಿನ, ನನ್ನ ಮಟ್ಟಿಗೆ ಹೆಚ್ಚು ತೂಕದ ಕೆಲಸವೆಂದರೆ ಶಿಕ್ಷಕರ ತರಬೇತಿ. ಟೋಕಿಯೊದ ಪಕ್ಕದ ಸೈತಾಮ ಪ್ರಾಂತ್ಯದ ಉರಾವದಲ್ಲಿ 1989ರಲ್ಲಿ ಶುರುವಾದ ಭಾಷಾ ಸಂಸ್ಥೆಗೆ ನಾನಾ ದೇಶಗಳ ಜಪಾನಿ ಶಿಕ್ಷಕರು ಬಂದು, ವಾರಗಟ್ಟಲೆ, ಕೆಲವರು ತಿಂಗಳುಗಟ್ಟಲೆ, ಮತ್ತೆ ವಿದ್ಯಾರ್ಥಿಗಳಾಗಿ ಕೂರುತ್ತಾರೆ. ದೆಹಲಿಯ ಲಾಜಪತ್ ನಗರದಲ್ಲಿ ಫೌಂಡೇಶನ್ನಿನ ಶಾಖೆಯಿದೆ. ಅಲ್ಲಿಗೆ ಜಪಾನಿನಿಂದ ಬರುವ ಭಾಷಾ ಸಲಹೆಗಾರರು ಭಾರತದ ಜೊತೆಗೆ ನೆರೆಯ ದೇಶಗಳ ಶಿಕ್ಷಕರ ಕಡೆಗೂ ಗಮನ ಕೊಡುತ್ತಾರೆ.

ತರಬೇತಿ ಎಂದರೆ ಭಾಷಣ ಕೇಳಿ, ಊಟ ಮಾಡಿ, ಪ್ರಮಾಣಪತ್ರ ಹಿಡಿದು ಬರುವ ಶಿಬಿರ ನಮಗೆಲ್ಲ ಪರಿಚಿತ. ಇಲ್ಲಿನ ಕ್ರಮ ಬೇರೆ. ಪಾಠದ ಯೋಜನೆ ಬರೆದು, ಸಹಶಿಕ್ಷಕರನ್ನೇ ಮಕ್ಕಳೆಂದುಕೊಂಡು ಅವರ ಮುಂದೆ ಪಾಠ ಮಾಡಿ ತೋರಿಸಬೇಕು. ಆಮೇಲೆ ಶುರುವಾಗುತ್ತದೆ ವಿಚಾರಣೆ. ನೀವೆಷ್ಟು ಹೊತ್ತು ಮಾತಾಡಿದಿರಿ, ಅವರೆಷ್ಟು ಹೊತ್ತು ಮಾತಾಡಿದರು? ಈ ಚಿತ್ರ ತೋರಿಸಿದ್ದು ಯಾಕೆ? ಹತ್ತು ವರ್ಷ ಕಲಿಸಿದವರೂ ಇಲ್ಲಿ ತಡವರಿಸುವುದುಂಟು. ಶಿಕ್ಷಕರಿಗೆ ಬೈಸಿಕೊಳ್ಳಲು ಒಂದು ಜಾಗ ಸಿಗುವುದೂ ಭಾಗ್ಯವೇ.

ಇದರ ಹಿಂದೆ ಪಾಠದ ರೀತಿಯೇ ಬದಲಾದ ಕಥೆಯಿದೆ. ದಶಕಗಳಿಂದ ನಮ್ಮ ಕಡೆಯ ತರಗತಿಗಳ ಆಧಾರ ‘ಮಿನ್ನಾ ನೊ ನಿಹೊಂಗೊ’. 1998ರಲ್ಲಿ ಬಂದ ಈ ಪಠ್ಯ ಪೂರ್ತಿ ಜಪಾನಿಯಲ್ಲೇ ಇದೆ; ವಿವರಣೆಗೆ ಬೇರೆ ಪುಸ್ತಕ. ವಾಕ್ಯದ ಅಚ್ಚೊಂದನ್ನು ಕೊಟ್ಟು, ಪದ ಬದಲಿಸುತ್ತ ಹತ್ತು ಸಲ ಹೇಳಿಸುವುದು ಇದರ ವಿಧಾನ. 2010ರಲ್ಲಿ ಫೌಂಡೇಶನ್ ತನ್ನದೇ ಮಾನದಂಡ ಹೊರತಂದಿತು. ಎಷ್ಟು ವ್ಯಾಕರಣ ಮುಗಿಯಿತು ಎಂಬ ಲೆಕ್ಕದ ಬದಲು, ಕಲಿತವನು ಏನು ಮಾಡಬಲ್ಲ, ದಾರಿ ಕೇಳಬಲ್ಲನೇ, ಹುಷಾರಿಲ್ಲವೆಂದು ರಜೆ ಕೇಳಬಲ್ಲನೇ ಎಂದು ನೋಡುವ ಕ್ರಮ ಅದು. ಆ ಜಾಡಿನಲ್ಲೇ ‘ಮಾರುಗೊತೊ’ ಪಠ್ಯ ಬಂತು, 2020ರಲ್ಲಿ ‘ಇರೊದೊರಿ’ ಬಂತು. ಎರಡನೆಯದು ಅಂತರ್ಜಾಲದಲ್ಲಿ ಪುಕ್ಕಟೆ. ಆದರೂ ಬಾಯಿಪಾಠದಲ್ಲೇ ಬೆಳೆದು ಗುರುವಾದವರಿಗೆ ಇದು ಸುಲಭದ ತಿರುವಲ್ಲ. ಹಳೆಯ ಪುಸ್ತಕ ಬಿಡಲು ಮನಸ್ಸಿಲ್ಲ, ಪರೀಕ್ಷೆಯೂ ಬಿಡಿಸುವುದಿಲ್ಲ. ಎನ್5ರಿಂದ ಮೇಲೇರಿ ಎನ್1ರವರೆಗೆ ಹೋಗುವ ಜೆಎಲ್‌ಪಿಟಿ ಎಂಬ ಜಪಾನಿ ಭಾಷಾ ಪರೀಕ್ಷೆಯಲ್ಲಿ ಮಾತಾಡುವ ಭಾಗವೇ ಇಲ್ಲವಲ್ಲ!

ನೆರೆಹೊರೆಯ ದೇಶಗಳ ಶಿಕ್ಷಕರು ಇಂಥ ತರಬೇತಿಗೆ ಒಟ್ಟಿಗೆ ಕೂತರೆ ಆಗುವ ಲಾಭ ಮಾತ್ರ ಯಾವ ಪಠ್ಯದಲ್ಲೂ ಇಲ್ಲ. ಕನ್ನಡದಲ್ಲಿ ನಾವು ‘ತಿಂದು ನೋಡು’ ಎನ್ನುತ್ತೇವೆ. ಜಪಾನಿಯಲ್ಲಿ ‘ತಬೆತೆ ಮಿರು’. ತಿನ್ನುವುದು ಮೊದಲು, ನೋಡುವುದು ಆಮೇಲೆ, ಅರ್ಥವೂ ಅದೇ. ‘ಮರೆತುಬಿಟ್ಟೆ’ ಎಂಬಲ್ಲಿನ ‘ಬಿಟ್ಟೆ’ಯ ಪಶ್ಚಾತ್ತಾಪಕ್ಕೆ ಅವರಲ್ಲಿ ‘ಶಿಮತ್ತ’ ಇದೆ. ಇಂಗ್ಲಿಷ್ ವಿವರಣೆಯ ಪುಸ್ತಕ ಸುತ್ತಿ ಬಳಸಿ ಹೇಳುವುದನ್ನು ಕನ್ನಡದ ಹುಡುಗಿಗೆ ಒಂದೇ ಉಸಿರಿನಲ್ಲಿ ಹೇಳಬಹುದು. ಬಂಗಾಳಿಯವರು ‘ಖೇಯೆ ದೇಖೊ’ ಎನ್ನುತ್ತಾರೆ, ನೇಪಾಳಿಯವರು ‘ಖಾಏರ ಹೇರ’ ಎನ್ನುತ್ತಾರೆ, ಸಿಂಹಳದವರೂ ತಿಂದೇ ನೋಡುತ್ತಾರೆ. ಎಲ್ಲರಲ್ಲೂ ಕ್ರಿಯಾಪದ ಕೊನೆಗೆ. ಹಿರಗಾನದ ಕ-ಸ-ತ-ನ ಸಾಲು ಕೂಡ ಬೌದ್ಧರ ಜೊತೆ ಹೋದ ನಮ್ಮ ವರ್ಣಮಾಲೆಯ ಪ್ರಭಾವದ್ದು. ಕಾಗುಣಿತ ಬಲ್ಲವರಿಗೆ ಅದು ಹೊಸದೆನಿಸದು. (ಚೀನಿ ಮೂಲದ ಕಾಂಜಿ ಲಿಪಿಯ ವಿಷಯಕ್ಕೆ ಬಂದರೆ ಈ ಬಂಧುತ್ವವೆಲ್ಲ ಮುಗಿಯಿತು: ನಿತ್ಯಬಳಕೆಯ ಪಟ್ಟಿಯಲ್ಲೇ 2,136 ಅಕ್ಷರ!) ಟೋಕಿಯೊದಿಂದ ಬರುವ ಸಲಹೆಗಾರ ಎಷ್ಟೇ ನುರಿತವನಾಗಿರಲಿ, ‘ತಿಂದು ನೋಡು’ವಿನ ಗುಟ್ಟು ಅವನಿಗೆ ಗೊತ್ತಾಗುವುದು ಕಷ್ಟ. ಅದನ್ನು ಢಾಕಾದ ಶಿಕ್ಷಕಿ ಕೊಲಂಬೊದ ಶಿಕ್ಷಕನಿಗೆ ಹೇಳಬೇಕು.

ಈಗ ಬೇಡಿಕೆಯೂ ಏರಿದೆ. ಮುದಿಯಾಗುತ್ತಿರುವ ಜಪಾನ್ 2019ರಲ್ಲಿ ‘ನಿರ್ದಿಷ್ಟ ಕೌಶಲ’ದ ಕೆಲಸಗಾರರಿಗೆ ಹೊಸ ವೀಸಾ ತಂದಿತು. ಅದೇ ವರ್ಷ ನೇಪಾಳ, ಶ್ರೀಲಂಕಾ, ಬಾಂಗ್ಲಾದೇಶಗಳೊಂದಿಗೆ, 2021ರಲ್ಲಿ ಭಾರತದೊಂದಿಗೆ ಒಪ್ಪಂದ ಮಾಡಿಕೊಂಡಿತು. ವೃದ್ಧರ ಆರೈಕೆಗೆ, ಹೊಲಕ್ಕೆ, ಹೋಟೆಲಿಗೆ ಹೊರಟವರಿಗೆ ಬೇಗ ಮಾತು ಬರಬೇಕು, ಕಲಿಸುವವರು ಸಾಲುತ್ತಿಲ್ಲ. ಕೊರತೆ ಭಾರತಕ್ಕೆ ಮೊದಲೇ ಗೊತ್ತಿತ್ತು. 2017ರ ಸೆಪ್ಟೆಂಬರಿನಲ್ಲಿ ಜಪಾನಿನ ಪ್ರಧಾನಿ ಶಿಂಜೊ ಅಬೆ ಗುಜರಾತಿಗೆ ಬಂದಾಗ, ಐದು ವರ್ಷಗಳಲ್ಲಿ 100 ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಜಪಾನಿ ಕೋರ್ಸು, 1,000 ಶಿಕ್ಷಕರ ತರಬೇತಿ ಎಂಬ ಗುರಿಗೆ ಎರಡೂ ದೇಶ ಒಪ್ಪಿದವು. ಮರುವರ್ಷ ದೆಹಲಿಯಲ್ಲಿ ಜಪಾನಿ ಶಿಕ್ಷಕರಿಗೆಂದೇ ತರಬೇತಿ ಕೇಂದ್ರ ತೆರೆಯಿತು.

ಸಾವಿರದ ಲೆಕ್ಕ ಕೇಳಲು ಚೆನ್ನ. ಆದರೆ ತರಬೇತಿಯಾದವರಲ್ಲಿ ತರಗತಿಯಲ್ಲಿ ಉಳಿದವರೆಷ್ಟು ಎನ್ನುವುದು ನಿಜವಾದ ಲೆಕ್ಕ. ಎನ್2 ದಾಟಿದವರನ್ನು ಸಾಫ್ಟ್‌ವೇರ್ ಕಂಪನಿಗಳೂ ವಾಹನ ಕಾರ್ಖಾನೆಗಳೂ ಅನುವಾದಕ್ಕೆ, ದುಭಾಷಿ ಕೆಲಸಕ್ಕೆ ಕರೆದೊಯ್ಯುತ್ತವೆ. ಆ ಸಂಬಳದ ಎದುರು ಗಂಟೆ ಲೆಕ್ಕದ ಅತಿಥಿ ಉಪನ್ಯಾಸಕರ ಗೌರವಧನ ನಿಲ್ಲುವುದಿಲ್ಲ. ಹೋಗುವವರನ್ನು ದೂರಲಾಗದು, ಮನೆ ಬಾಡಿಗೆ ಎಲ್ಲರಿಗೂ ಒಂದೇ. ಬೆಂಗಳೂರಂಥ ಊರಿನಲ್ಲಿ ಈ ಸೋರಿಕೆ ಎದ್ದು ಕಾಣುತ್ತದೆ.

ದೆಹಲಿಯ ಕೇಂದ್ರ ಶಿಕ್ಷಕರನ್ನು ತಯಾರು ಮಾಡಬಹುದು, ಸಂಬಳ ಕೊಡಲಾರದು. ಜಪಾನಿ ಬಲ್ಲವರಿಂದ ವ್ಯಾಪಾರ ಬೆಳೆಸಿಕೊಂಡ ಬೆಂಗಳೂರು, ಬಿಡದಿ ಸುತ್ತಿನ ಕಂಪನಿಗಳು ತಮ್ಮ ಸಾಮಾಜಿಕ ಹೊಣೆಯ ನಿಧಿಯಲ್ಲಿ ಒಂದು ಪಾಲನ್ನು ನಮ್ಮ ಸರ್ಕಾರಿ ಕಾಲೇಜುಗಳ ಜಪಾನಿ ಅಧ್ಯಾಪಕರ ಸಂಬಳಕ್ಕೆ ತೆಗೆದಿಡಲಿ.